ಚಿನ್ನದ ಗಣಿಯ ಮಕ್ಕಳೂ ಕಾಲೇಜಿನ ಬಾಗಿಲೂ

ಬೆಂಗಳೂರಿನಿಂದ ಜೋಲಾರಪೇಟೆಯ ಕಡೆಗೆ ಹೋಗುವ ರೈಲುಮಾರ್ಗದಲ್ಲಿ ನಲವತ್ತು ಮೈಲಿಗೂ ಸ್ವಲ್ಪ ಮೀರಿದ ದೂರದಲ್ಲಿರುವ ಬಂಗಾರಪೇಟೆಯಿಂದ ಹತ್ತು ಮೈಲಿಗಳಷ್ಟು ಉದ್ದವಾದ ಒಂದು ಕವಲುಹಾದಿ ಹೊರಟು, ಕೋರಮಂಡಲ್, ಉರಿಗಾಂ, ಚಾಂಪಿಯನ್ ಎಂಬ ನಿಲ್ದಾಣಗಳನ್ನು ಹಾದು, ಮಾರಿಕುಪ್ಪಂನಲ್ಲಿ ಕೊನೆಗಾಣುತ್ತದೆ. ಬಂಗಾರಪೇಟೆಗೆ ಹಿಂದೆ ಬೌರಿಂಗ್‌ಪೇಟೆಯೆಂದು ಹೆಸರು. ಮೈಸೂರಿನ ಕಮಿಷನರಾಗಿದ್ದ ಲೆವಿನ್ ಬೌರಿಂಗರ ನೆನಪಿಗಾಗಿ ಇಟ್ಟುದು. 1894ರಲ್ಲಿ ಈ ಕವಲುಹಾದಿಯನ್ನು ಹಾಸಿದವರ ಮನಸ್ಸಿನಲ್ಲಿ ಇದ್ದುದು ಯಂತ್ರಸಾಮಗ್ರಿ, ಸೌದೆ, ಕಲ್ಲಿದ್ದಲು ಮತ್ತು ಕೂಲಿಯ ಜನ. ಪುಸ್ತಕದ ಚೀಲವನ್ನು ಹೆಗಲಿಗೇರಿಸಿಕೊಂಡ ಹುಡುಗನೊಬ್ಬನು ಮಾರಿಕುಪ್ಪಂನಲ್ಲಿ ಹತ್ತಿ, ಬಂಗಾರಪೇಟೆಯಲ್ಲಿ ಗಾಡಿ ಬದಲಾಯಿಸಿ, ಬೆಂಗಳೂರಿನ ಕಾಲೇಜೊಂದರ ಕಚೇರಿಯ ಮುಂದೆ ಅರ್ಜಿ ಹಿಡಿದು ನಿಲ್ಲುವನೆಂಬ ಎಣಿಕೆ ಅವರಿಗೆ ಇದ್ದಿರಲಾರದು. ಈ ಹಾದಿ ಮುಟ್ಟುವ ಕೋಲಾರದ ಚಿನ್ನದ ಗಣಿಯ ಚರಿತ್ರೆಯನ್ನು ಬರೆದವರು ಔನ್ಸುಗಳ ಲೆಕ್ಕವನ್ನೂ ಶಾಫ್ಟುಗಳ ಆಳವನ್ನೂ ಕಂಪನಿಯ ಲಾಭಾಂಶವನ್ನೂ ಶ್ರದ್ಧೆಯಿಂದ ದಾಖಲಿಸಿದ್ದಾರೆ. ಹಣ, ಶಿಫಾರಸು, ಮನೆತನದ ವಿದ್ಯೆ ಇವಾವುವೂ ಇಲ್ಲದ ಗಣಿಕಾರ್ಮಿಕರ ಮಕ್ಕಳು ಕಾಲೇಜಿನ ಬಾಗಿಲನ್ನು ಹೇಗೆ ಮುಟ್ಟಿದರು, ಆ ಬಾಗಿಲು ಯಾವ ಕಾಲದಲ್ಲಿ ಎಷ್ಟು ತೆರೆಯಿತು, ಯಾವ ಕಾಲದಲ್ಲಿ ಯಾವ ಹೊಸ ಅಗುಳಿಯನ್ನು ಹಾಕಿಕೊಂಡಿತು ಎಂಬ ಕಥೆ ಮಾತ್ರ ಅವರ ಗ್ರಂಥಗಳ ಅಂಚಿನಲ್ಲಿಯೂ ಕಾಣಿಸುವುದಿಲ್ಲ. ನನ್ನ ದೃಷ್ಟಿಯಲ್ಲಿ ಆ ಊರಿನ ಅತ್ಯಂತ ಗಣ್ಯವಾದ ಚರಿತ್ರೆ ಅದೇ.

ಊರು ಹುಟ್ಟಿದ ಬಗೆ ಅನೇಕರಿಗೆ ಗೊತ್ತಿರುವುದರಿಂದ ಅದನ್ನು ಸಂಕ್ಷೇಪವಾಗಿ ಹೇಳಿ ಮುಂದುವರಿಯಬಹುದು. ಲೆಫ್ಟಿನೆಂಟ್ ಜಾನ್ ವಾರನ್ ಎಂಬಾತನು ಈ ಪ್ರಾಂತದ ಚಿನ್ನದ ವಿಚಾರವಾಗಿ ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ ಬರೆದಿದ್ದ ವರದಿಯನ್ನು, ನ್ಯೂಜಿಲೆಂಡಿನ ಯುದ್ಧದಿಂದ ಹಿಂದಿರುಗಿ ಬೆಂಗಳೂರಿನ ದಂಡುಪ್ರದೇಶದಲ್ಲಿ ನೆಲೆಸಿದ್ದ ಮೈಕೆಲ್ ಲ್ಯಾವೆಲ್ ಎಂಬ ಐರಿಷ್ ಸೈನಿಕನು ಓದಿ, 1870ರ ದಶಕದಲ್ಲಿ ಮೈಸೂರು ಸರ್ಕಾರದಿಂದ ಅಗೆಯುವ ಹಕ್ಕನ್ನು ಪಡೆದನು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಲಂಡನ್ನಿನ ಸಂಸ್ಥೆ ಬಂದ ಮೇಲೆ, ಮಾರಿಕುಪ್ಪಂನ ಮೈಸೂರು ಮೈನ್ಸ್‌ನಲ್ಲಿ ಚಾಂಪಿಯನ್ ಲೋಡ್ ಎಂಬ ಚಿನ್ನದ ಸ್ತರ ಸಿಕ್ಕಿ, ಬಯಲು ನಾಡಾಯಿತು. ಮೈಸೂರು, ಚಾಂಪಿಯನ್ ರೀಫ್, ಉರಿಗಾಂ, ನಂದಿದುರ್ಗ, ಬಾಲಘಾಟ್ ಎಂದು ಗಣಿಗಳು ಸಾಲಾಗಿ ಎದ್ದುವು. 1901ರ ಜನಗಣತಿಯ ವೇಳೆಗೆ ಅಲ್ಲಿ 38,000ಕ್ಕೂ ಮೇಲ್ಪಟ್ಟ ಜನರಿದ್ದರು. 1902ರ ಜೂನ್ ತಿಂಗಳಿನಲ್ಲಿ ಶಿವನಸಮುದ್ರದ ಜಲಪಾತದಿಂದ 92 ಮೈಲಿ ದೂರ ತಂತಿಯ ಮೇಲೆ ವಿದ್ಯುಚ್ಛಕ್ತಿ ಬಂದು ಗಣಿಯ ಯಂತ್ರಗಳನ್ನು ತಿರುಗಿಸಿತು. ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬರುವುದಕ್ಕೆ ಮೂರು ವರ್ಷ ಮೊದಲೇ ನಡೆದ ಮಾತಿದು. ಆದರೆ ಆ ಬೆಳಕು ಮೊದಲು ಯಂತ್ರಕ್ಕೂ ಬಂಗಲೆಗಳಿಗೂ ಸಂದಿತು. ಲೈನುಗಳೆಂಬ ಕಾರ್ಮಿಕರ ಸಾಲುಮನೆಗಳ ಒಳಕ್ಕೆ ಬರಲು ಅದಕ್ಕೆ ಬಹುಕಾಲ ಹಿಡಿಯಿತು.

ಗಣಿಗೆ ಇಳಿದವರಲ್ಲಿ ಬಹುಪಾಲು ಜನ ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಸೀಮೆಗಳಿಂದ ಕ್ಷಾಮಕ್ಕೂ ಜೀತಕ್ಕೂ ಹೆದರಿ ಬಂದ ತಮಿಳರು ಮತ್ತು ತೆಲುಗರು; ಅವರಲ್ಲಿ ಅಧಿಕಾಂಶ ಜನ ಊರಾಚೆಯ ಕೇರಿಗಳಲ್ಲಿ ಹುಟ್ಟಿದವರು. ಸುತ್ತಲಿನ ಹಳ್ಳಿಗಳ ಕನ್ನಡಿಗರೂ ಇದ್ದರು. ಮೇಲಿನ ಹುದ್ದೆಗಳು ಆಂಗ್ಲರಿಗೆ, ಕಾರ್ನ್‌ವಾಲಿನ ಗಣಿಗಾರರಿಗೆ, ಇಟಲಿಯವರಿಗೆ, ಆಂಗ್ಲೋ ಇಂಡಿಯನ್ನರಿಗೆ. ಹುಟ್ಟಿದೂರಿನಲ್ಲಿ ಬಾವಿಯ ನೀರನ್ನು ಮುಟ್ಟಲಾಗದಿದ್ದವನು ಇಲ್ಲಿ ಬಟವಾಡೆಯನ್ನು ನಗದಾಗಿ ಎಣಿಸಿಕೊಂಡನೆಂಬುದು ಅಲ್ಪವಾದ ಸಂಗತಿಯಲ್ಲ. ಆದರೆ ಅದಕ್ಕೆ ಅವನು ತೆತ್ತ ಬೆಲೆ ಎದೆಯ ಗೂಡಿನಲ್ಲಿ ಕಲ್ಲಿನ ಧೂಳಾಗಿ ಕುಳಿತು ನಲವತ್ತರ ವಯಸ್ಸಿಗೇ ಕೆಮ್ಮಿಸಿತು. ಉತ್ಪನ್ನದ ಮೇಲೆ ನೂರಕ್ಕೆ ಐದರಂತೆ ರಾಜಾದಾಯವು ಮೈಸೂರಿನ ಬೊಕ್ಕಸಕ್ಕೆ ವರ್ಷವರ್ಷವೂ ಸಂದಾಯವಾಗುತ್ತಿತ್ತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವನ್ನೂ, 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜನ್ನೂ, 1924ರಲ್ಲಿ ಮೆಡಿಕಲ್ ಕಾಲೇಜನ್ನೂ ಸ್ಥಾಪಿಸಿದ ಸಂಸ್ಥಾನದ ಆದಾಯದಲ್ಲಿ ಗಣಿಯ ಬೆವರಿನ ಪಾಲು ಇದ್ದೇ ಇತ್ತು. ಆ ಕಾಲೇಜುಗಳ ಮೊದಲ ತಲೆಮಾರಿನ ಪಟ್ಟಿಗಳಲ್ಲಿ ಗಣಿಯ ಲೈನುಗಳ ಮಕ್ಕಳನ್ನು ಹುಡುಕುವುದು ಕಷ್ಟದ ಕೆಲಸವೆಂಬುದನ್ನು ಈ ಋಣದ ಪಕ್ಕದಲ್ಲಿಟ್ಟು ನೋಡಬೇಕು.

ಬಡವರ ಮಕ್ಕಳು ವಿದ್ಯೆಯಿಂದ ಮೇಲೆ ಬಂದ ಕಥೆಗಳು ನಮ್ಮ ನಾಡಿನಲ್ಲಿ ಹೇರಳವಾಗಿವೆ. ಅವುಗಳಲ್ಲಿ ಎರಡು ಈ ಕೋಲಾರದ ಸೀಮೆಯವೇ. ಆಗ ಕೋಲಾರ ಜಿಲ್ಲೆಗೆ ಸೇರಿದ್ದ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡು, ಬೆಂಗಳೂರಿನಲ್ಲಿ ಕೊಡಗಿನ ಮನೆತನವೊಂದರ ಮಕ್ಕಳಿಗೆ ಪಾಠ ಹೇಳಿ ಹೊಟ್ಟೆ ಹೊರೆದು, ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಮುಗಿಸಿ, ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಗೆ ಹೋಗಿ 1883ರಲ್ಲಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಅಗ್ರಸ್ಥಾನ ಪಡೆದರು. ಬೆಂಗಳೂರಿನಿಂದ ಹೋಗುವಾಗ ಬಂಗಾರಪೇಟೆಗೆ ಮೊದಲೇ ಬರುವ ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಅದೇ ಬಗೆಯ ಇಕ್ಕಟ್ಟಿನಲ್ಲಿ ಬೆಳೆದು, 1914ರಲ್ಲಿ ಮದರಾಸಿನಲ್ಲಿ ಚಿನ್ನದ ಪದಕದೊಡನೆ ಎಂ.ಎ. ಆದರು. ಇವರ ಶ್ರಮವನ್ನು ಕಡಿಮೆಯೆಂದು ಎಣಿಸುವ ಮಾತೇ ಇಲ್ಲ. ಆದರೆ ಬಡತನವೆಂಬುದೆಲ್ಲ ಒಂದೇ ಜಾತಿಯದಲ್ಲವೆಂಬುದನ್ನು ನಾವು ಬಹುಮಟ್ಟಿಗೆ ಮರೆತಿದ್ದೇವೆ. ಆ ಕಾಲದ ಬಡ ಬ್ರಾಹ್ಮಣ ವಿದ್ಯಾರ್ಥಿಗೆ ವಾರಾನ್ನವೆಂಬ ಏರ್ಪಾಡು ಇತ್ತು: ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಅಕ್ಷರ ಮನೆಯ ಆಸ್ತಿಯಾಗಿತ್ತು. ಪಟ್ಟಣದಲ್ಲಿ ಸೋದರಮಾವನೋ ದೂರದ ನಂಟನೋ ಇರುತ್ತಿದ್ದನು. ಯಾವ ಪರೀಕ್ಷೆಗೆ ಯಾವಾಗ ಹಣ ಕಟ್ಟಬೇಕು, ಯಾರ ಮುಂದೆ ಹೇಗೆ ನಿಲ್ಲಬೇಕು ಎಂಬ ಅರಿವು ಊಟದ ಎಲೆಯ ಮುಂದೆಯೇ ದೊರೆಯುತ್ತಿತ್ತು. 1906ರಲ್ಲಿ ಒಕ್ಕಲಿಗರ ಸಂಘ ಹುಟ್ಟಿದುದೂ, ಅದೇ ದಶಕದಲ್ಲಿ ವೀರಶೈವ ಮಹಾಸಭೆ ಸೇರಿದುದೂ, ಅನಂತರ ಪಟ್ಟಣಪಟ್ಟಣಗಳಲ್ಲಿ ಜಾತಿಗೊಂದು ವಿದ್ಯಾರ್ಥಿನಿಲಯ ಎದ್ದುದೂ ಈ ಬೆಂಬಲವನ್ನು ತಮ್ಮ ಮಕ್ಕಳಿಗೂ ಒದಗಿಸಬೇಕೆಂಬ ಹಂಬಲದಿಂದಲೇ. ಮಾರಿಕುಪ್ಪಂನ ಲೈನಿನಿಂದ ಬಂದ ಹುಡುಗನಿಗೆ ಬೆಂಗಳೂರಿನಲ್ಲಿ ಎಲೆ ಹಾಕುವ ಮನೆಯೂ ಇರಲಿಲ್ಲ, ಬಹುಕಾಲದವರೆಗೆ ಹಾಸಿಗೆ ಹಾಸುವ ವಿದ್ಯಾರ್ಥಿನಿಲಯವೂ ಇರಲಿಲ್ಲ.

ಹಾಗಿದ್ದೂ ಓದು ಅಲ್ಲಿ ಹುಟ್ಟಿದುದು ಹೇಗೆ? ಮಿಷನರಿಗಳ ಪಾಲು ದೊಡ್ಡದು. ಇಗರ್ಜಿಗಳ ಪಕ್ಕದಲ್ಲಿ ಶಾಲೆಗಳು ಎದ್ದುವು, ಕಂಪನಿಯ ಆಶ್ರಯದಲ್ಲಿಯೂ ಕೆಲವು ನಡೆದುವು. ಆದರೆ ಜನರು ತಾವಾಗಿಯೇ ಹೊತ್ತಿಸಿಕೊಂಡ ದೀಪವೊಂದನ್ನು ವಿಶೇಷವಾಗಿ ನೆನೆಯಬೇಕು. ಮದರಾಸಿನಲ್ಲಿ ವೈದ್ಯರೂ ಪಂಡಿತರೂ ಆಗಿದ್ದ ಅಯೋತಿದಾಸರು ಅಸ್ಪೃಶ್ಯರೆನಿಸಿಕೊಂಡವರಿಗೆ ಬೌದ್ಧಧರ್ಮದ ದಾರಿಯನ್ನು ತೋರಿಸಿ, 1907ರಲ್ಲಿ ಒಂದು ಪೈಸೆ ಬೆಲೆಯ ವಾರಪತ್ರಿಕೆಯನ್ನು ಆರಂಭಿಸಿದರಷ್ಟೆ. 'ತಮಿಳನ್' ಎಂಬ ಆ ಪತ್ರಿಕೆಗೂ ಆ ಚಳವಳಿಗೂ ಗಣಿಯ ನೆಲದಲ್ಲಿ ದೊರೆತಷ್ಟು ಬಲವಾದ ಬೇರು ಬೇರೆಡೆ ದೊರೆತುದು ವಿರಳ. ಮಾರಿಕುಪ್ಪಂನಲ್ಲಿ ಬೌದ್ಧಸಂಘ ನೆಲೆಗೊಂಡಿತು. 1914ರಲ್ಲಿ ಅಯೋತಿದಾಸರು ತೀರಿಕೊಂಡು ಪತ್ರಿಕೆ ಕುಂಠಿತವಾದ ಮೇಲೆ, 1926ರಲ್ಲಿ ಜಿ. ಅಪ್ಪಾದುರೈ ಅವರ ಸಂಪಾದಕತ್ವದಲ್ಲಿ ಅದು ಮತ್ತೆ ಕಣ್ತೆರೆದುದು ಈ ಗಣಿಯ ಊರಿನಲ್ಲಿಯೇ. ಚಾಂಪಿಯನ್ ರೀಫಿನ ಸಿದ್ಧಾರ್ಥ ಪುಸ್ತಕಶಾಲೆಯಿಂದ ಅಯೋತಿದಾಸರ ಗ್ರಂಥಗಳು ಅಚ್ಚಾಗಿ ಹೊರಬಂದುವು. ದಿನವಿಡೀ ಕಲ್ಲು ಕೊರೆದು ಬಂದ ಮನುಷ್ಯನು ಸಂಜೆ ಕೈಕಾಲು ತೊಳೆದುಕೊಂಡು ಕುಳಿತು, ಅಕ್ಷರ ಬಲ್ಲವನೊಬ್ಬನು ಗಟ್ಟಿಯಾಗಿ ಓದಿದುದನ್ನು ಕೇಳುವುದು, ಅನಂತರ ಅದರ ಮೇಲೆ ವಾದ ಮಾಡುವುದು, ಇವು ವಾಚನಾಲಯಗಳಲ್ಲಿಯೂ ಸಂಘದ ಸಭೆಗಳಲ್ಲಿಯೂ ರೂಢಿಗೆ ಬಂದುವು. ಕಾಲೇಜಿನ ಮೆಟ್ಟಿಲನ್ನು ಹತ್ತಿದ ಗಣಿಯ ಮಕ್ಕಳಿಗೆ ಮನೆತನದ ವಿದ್ಯೆಯೆಂಬುದು ಇಲ್ಲವಾದರೂ ಕೇರಿಯ ವಿದ್ಯೆಯೆಂಬುದೊಂದು ಇತ್ತು. ಅದರ ಬೆಲೆಯನ್ನು ಯಾವ ಅರ್ಜಿಯ ನಮೂನೆಯೂ ಕೇಳಲಿಲ್ಲ.

ಲೈನಿನ ಮನೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಬೆನ್ನಿಗೆ ಬೆನ್ನು ಹಚ್ಚಿ ಕಟ್ಟಿದ ಸಾಲುಮನೆಗಳು. ಮೊದಲು ಬಿದಿರ ತಟ್ಟಿಯವು, ಅನಂತರ ಗೋಡೆಯವು. ಒಳಗೆ ಒಂದೇ ಕೋಣೆ, ಮುಂದೆ ಒಂದು ಮೊಗಸಾಲೆ. ಗಣಿ ಮೂರು ಪಾಳಿಯಲ್ಲಿ ನಡೆಯುತ್ತಿದ್ದುದರಿಂದ ಮನೆಗೆ ರಾತ್ರಿಯೆಂಬುದು ಒಂದೇ ಹೊತ್ತಿಗೆ ಬರುತ್ತಿರಲಿಲ್ಲ. ರಾತ್ರಿಪಾಳಿಯಿಂದ ಬಂದ ತಂದೆ ಹಗಲು ನಿದ್ರಿಸಬೇಕು. ಆ ಹೊತ್ತಿನಲ್ಲಿ ಬಾಯಿಪಾಠ ಮಾಡುವ ಮಗ ಹೊರಗೆ ಹೋಗಬೇಕು. ಬೆಳಗಿನ ಪಾಳಿಯವನು ಏಳುವುದಕ್ಕೆ ಮೊದಲು ತಾಯಿ ಒಲೆ ಹೊತ್ತಿಸುವಳು. ಅವಳ ಬುಡ್ಡಿದೀಪದ ಬೆಳಕಿನಲ್ಲಿಯೇ ಮಗನ ಲೆಕ್ಕವೂ ಆಗಬೇಕು. ಸೈರನ್ನಿನ ಕೂಗು ಊರಿಗೆಲ್ಲ ಗಡಿಯಾರ. ಹೊತ್ತಲ್ಲದ ಹೊತ್ತಿನಲ್ಲಿ ನೆಲ ನಡುಗಿ ಪಾತ್ರೆಗಳು ಅಲುಗಿದರೆ, ಆಳದಲ್ಲೆಲ್ಲೋ ಬಂಡೆ ಸಿಡಿದಿದೆಯೆಂದು ಅರ್ಥ. ಹೆಂಗಸರು ಶಾಫ್ಟಿನ ಬಾಗಿಲಿಗೆ ಓಡುವರು, ಹುಡುಗನು ಪುಸ್ತಕವನ್ನು ಮುಚ್ಚಿ ಅವರ ಹಿಂದೆ ಓಡುವನು. ಪಠ್ಯಪುಸ್ತಕವಂತೂ ಒಬ್ಬನ ಸ್ವತ್ತಲ್ಲ. ಒಂದು ವರ್ಷ ಮುಂದಿರುವವನಿಂದ ಹಿಂದಿರುವವನಿಗೆ, ಅಂಚಿನ ಟಿಪ್ಪಣಿಗಳೊಡನೆ, ರಟ್ಟು ಹೋಗಿ ದಾರದಿಂದ ಹೊಲಿಸಿಕೊಂಡು, ಲೈನಿನಿಂದ ಲೈನಿಗೆ ಸಂಚರಿಸುವುದು. ಅರ್ಜಿ ತುಂಬಿಸಲು ಬರುವವನು ಕೇರಿಗೆ ಒಬ್ಬನಿದ್ದನು. ಅವನೇ ಬೇಸಿಗೆಯ ದಿನಗಳಲ್ಲಿ ಹತ್ತಾರು ಮಕ್ಕಳಿಗೆ ಹೆಸರು, ತಂದೆಯ ಹೆಸರು, ಉದ್ಯೋಗ, ವರಮಾನವೆಂಬ ಪಂಕ್ತಿಗಳನ್ನು ತುಂಬಿಸಿಕೊಡುತ್ತಿದ್ದನು.

ಸಂಸ್ಥಾನದ ಸರ್ಕಾರ ಈ ವಿಷಯದಲ್ಲಿ ನಿದ್ರಿಸುತ್ತಿರಲಿಲ್ಲವೆಂಬುದನ್ನು ನ್ಯಾಯವಾಗಿ ಹೇಳಬೇಕು. 1910ರ ದಶಕದಲ್ಲಿ ಪಂಚಮರೆನಿಸಿದ ಅಸ್ಪೃಶ್ಯರ ಮಕ್ಕಳಿಗೂ ಸರ್ಕಾರಿ ಶಾಲೆಗಳ ಬಾಗಿಲನ್ನು ತೆರೆಯಬೇಕೆಂಬ ಆಜ್ಞೆ ಹೊರಟಿತು. 1918ರಲ್ಲಿ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನಾಲ್ವಡಿ ಕೃಷ್ಣರಾಜ ಒಡೆಯರು ನೇಮಿಸಿದರು. ಅದರ ಶಿಫಾರಸುಗಳ ಮೇಲೆ 1921ರಲ್ಲಿ ಹಿಂದುಳಿದ ಕೋಮುಗಳಿಗೆ ಉದ್ಯೋಗದಲ್ಲಿಯೂ ವಿದ್ಯಾಭ್ಯಾಸದಲ್ಲಿಯೂ ಪ್ರೋತ್ಸಾಹ ನೀಡುವ ಆಜ್ಞೆಯಾಯಿತು. ಇಂಡಿಯಾದಲ್ಲಿ ಇಂಥ ಹೆಜ್ಜೆಯಿಟ್ಟ ಮೊದಲಿಗರಲ್ಲಿ ಮೈಸೂರೂ ಒಂದು. ಆದರೆ ಮಿಲ್ಲರ್ ಸಮಿತಿಯ ಎಣಿಕೆಯಲ್ಲಿ ಬ್ರಾಹ್ಮಣೇತರರೆಲ್ಲರೂ ಹಿಂದುಳಿದವರೇ ಆಗಿದ್ದುದರಿಂದ, ಮೊದಲ ಫಲಗಳು ಸಹಜವಾಗಿಯೇ ಭೂಮಿಯೂ ಸಂಘವೂ ವಿದ್ಯಾರ್ಥಿನಿಲಯವೂ ಇದ್ದವರ ಮಡಿಲಿಗೆ ಬಿದ್ದುವು.

ಈ ಚರಿತ್ರೆಯಲ್ಲಿ ನಾನು ಹೆಚ್ಚು ಹೊತ್ತು ನಿಲ್ಲಬೇಕೆಂದಿರುವುದು 1962 ಮತ್ತು 1963ನೆಯ ವರ್ಷಗಳ ಬಳಿ. ಗಣಿಗಳು 1956ರಲ್ಲಿ ರಾಷ್ಟ್ರೀಕರಣಗೊಂಡು ಮೈಸೂರು ಸರ್ಕಾರಕ್ಕೆ ಸೇರಿದ್ದುವು, 1962ರಲ್ಲಿ ಕೇಂದ್ರ ಸರ್ಕಾರದ ಕೈಗೆ ಹೋದುವು. ಸ್ವಾತಂತ್ರ್ಯದ ಹೊತ್ತಿಗೆ ಹುಟ್ಟಿದ ಮಕ್ಕಳು ಆಗ ಪಿ.ಯು.ಸಿ. ಮುಗಿಸುತ್ತಿದ್ದರು, ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳಲ್ಲಿದ್ದ ಸ್ಥಳಗಳು ಕೆಲವೇ, ಬಾಗಿಲಲ್ಲಿ ನಿಂತವರು ಅನೇಕರು. 1962ರ ಜುಲೈ 31ರಂದು ಸರ್ಕಾರವು ನೂರಕ್ಕೆ 68 ಸ್ಥಳಗಳನ್ನು ಮೀಸಲಿಟ್ಟು ಆಜ್ಞೆ ಮಾಡಿತು. ಅದೇ ವರ್ಷದ ಸೆಪ್ಟೆಂಬರ್ 28ರಂದು ಬಾಲಾಜಿ ಎಂಬ ವಿದ್ಯಾರ್ಥಿಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿ, ಮೀಸಲಾತಿ ಸಾಮಾನ್ಯವಾಗಿ ಅರ್ಧವನ್ನು ಮೀರಬಾರದೆಂದೂ ಜಾತಿಯೊಂದನ್ನೇ ಅಳತೆಗೋಲಾಗಿ ಹಿಡಿಯಬಾರದೆಂದೂ ಹೇಳಿತು. ಮರುವರ್ಷದ ಜುಲೈ 26ರಂದು ಸರ್ಕಾರ ಹೊರಡಿಸಿದ ಆಜ್ಞೆ ನಮ್ಮ ವಿಷಯಕ್ಕೆ ಅತ್ಯಂತ ಸಮೀಪವಾದುದು. ಅದರಲ್ಲಿ ಜಾತಿಯ ಮಾತಿಲ್ಲ. ಕುಟುಂಬದ ವರಮಾನ ವರ್ಷಕ್ಕೆ 1,200 ರೂಪಾಯಿಗಳನ್ನು ಮೀರದೆ, ಉದ್ಯೋಗವು ಸ್ವಂತ ಬೇಸಾಯ, ಕುಶಲಕರ್ಮ, ಸಣ್ಣ ವ್ಯಾಪಾರ, ಕೆಳದರ್ಜೆಯ ನೌಕರಿ ಅಥವಾ ಮೈಮುರಿದು ದುಡಿಯುವ ಇತರ ಯಾವುದೇ ಕೆಲಸವಾಗಿದ್ದರೆ ಆ ಕುಟುಂಬದ ಮಕ್ಕಳು ಹಿಂದುಳಿದವರು. ಅವರಿಗೆ ನೂರಕ್ಕೆ 30, ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೆ 18. ಗಣಿಯ ಮಗನ ತಂದೆ ಮೈಮುರಿದು ದುಡಿಯುವವನೆಂಬುದಕ್ಕೆ ಸಾಕ್ಷಿ ಬೇಕಾಗಿರಲಿಲ್ಲ. ಬರಹದ ಮೇಲೆ ನೋಡಿದರೆ ರಾಜ್ಯದ ಕಾಯಿದೆಯು ಅವನ ತಂದೆಯ ಕೈಗಳನ್ನು ಗಮನಿಸಿದುದು ಪ್ರಾಯಶಃ ಅದೇ ಮೊದಲು. ಆದರೂ ತಿಂಗಳಿಗೆ ನೂರು ರೂಪಾಯಿಯೆಂಬ ಗೆರೆ ಅಷ್ಟು ಸುಲಭವಾದುದಲ್ಲ. ತಂದೆಯೊಡನೆ ಹಿರಿಯ ಮಗನೂ ಗಣಿಗೆ ಇಳಿಸುವ ಕೇಜಿನಲ್ಲಿ ಹೋಗುತ್ತಿದ್ದ ಮನೆ ಆ ಗೆರೆಯನ್ನು ದಾಟಿಬಿಡಬಹುದಾಗಿತ್ತು, ದಾಟಿದೊಡನೆ ಅದು ವಕೀಲರ ಮನೆಯ ಮಗನ ಸಾಲಿನಲ್ಲಿ ನಿಲ್ಲಬೇಕಾಗುತ್ತಿತ್ತು.

ಈ ಜುಲೈ 26ರ ಆಜ್ಞೆಗೆ ಮೂರು ವಾರಗಳಷ್ಟು ಮೊದಲು, ಜುಲೈ 6ರಂದು, ಇನ್ನೊಂದು ಆಜ್ಞೆ ಹೊರಟಿತ್ತು. ಎಂಜಿನಿಯರಿಂಗ್ ಕಾಲೇಜುಗಳ ಆಯ್ಕೆಯಲ್ಲಿ ಐಚ್ಛಿಕ ವಿಷಯಗಳ ಒಟ್ಟು ಅಂಕಗಳ ನಾಲ್ಕನೆಯ ಒಂದು ಭಾಗದಷ್ಟನ್ನು ಸಂದರ್ಶನಕ್ಕೆ ಇಡಬೇಕೆಂದು ಅದರ ವಿಧಿ. ಎಂದರೆ ಲಿಖಿತ ಪರೀಕ್ಷೆಗೆ 300 ಅಂಕಗಳಾದರೆ, ಆಯ್ಕೆಸಮಿತಿಯ ಮುಂದೆ ಕುಳಿತ ಕೆಲವು ನಿಮಿಷಗಳಿಗೆ 75. ಆ ಅಂಕಗಳನ್ನು ಯಾವ ಗುಣಗಳಿಗೆ ಕೊಡಬೇಕೆಂಬುದನ್ನೂ ಆಜ್ಞೆ ಹೇಳಿತ್ತು: ಸಾಮಾನ್ಯ ಜ್ಞಾನ, ಸಹಜ ಒಲವು ಮತ್ತು ವ್ಯಕ್ತಿತ್ವ, ಹಿಂದಿನ ವಿದ್ಯಾಭ್ಯಾಸದಲ್ಲಿ ಪಡೆದ ವಿಶೇಷ ಪುರಸ್ಕಾರಗಳು, ಎನ್.ಸಿ.ಸಿ. ಮೊದಲಾದುವು, ಕ್ರೀಡೆ, ಸಮಾಜಸೇವೆ, ಚರ್ಚಾಸ್ಪರ್ಧೆ, ನಾಟಕ ಇತ್ಯಾದಿ ಪಠ್ಯೇತರ ಚಟುವಟಿಕೆಗಳು. ಓದುಗರು ಈ ಪಟ್ಟಿಯನ್ನು ನಿಧಾನವಾಗಿ ಇನ್ನೊಮ್ಮೆ ಓದಬೇಕೆಂದು ನನ್ನ ಬಿನ್ನಹ. ಲೈನಿನ ಹುಡುಗನು ಬೆಳಗ್ಗೆ ಕೊಳಾಯಿಯ ಸಾಲಿನಲ್ಲಿ ನಿಂತು ನೀರು ತಂದಿದ್ದನು, ಕಣ್ಣು ಮಂಕಾದ ಅಜ್ಜನಿಗೆ ಪತ್ರಿಕೆ ಓದಿ ಹೇಳಿದ್ದನು, ಆಸ್ಪತ್ರೆಯಲ್ಲಿ ಕೆಮ್ಮುತ್ತಿದ್ದ ನೆರೆಯವನಿಗೆ ಊಟ ಒಯ್ದಿದ್ದನು. ಆದರೆ ಸಮಾಜಸೇವೆಯೆಂಬ ಶೀರ್ಷಿಕೆಯ ಕೆಳಗೆ ಇವನ್ನು ಹೇಳಿಕೊಳ್ಳಬಹುದೆಂದು ಅವನಿಗೆ ತಿಳಿಸಿದವರು ಯಾರು? ಅವನು ನಾಟಕವಾಡಿರಬಹುದು, ಗಣಿಯ ಲೈನುಗಳಲ್ಲಿ ತಮಿಳು ನಾಟಕಗಳಿಗೆ ಕೊರತೆಯಿರಲಿಲ್ಲ; ಅದಕ್ಕೆ ಪ್ರಮಾಣಪತ್ರ ಕೊಡುವವರು ಯಾರು? ಫುಟ್‌ಬಾಲೂ ಹಾಕಿಯೂ ಮಾತ್ರ ಅವನ ಕೈ ಹಿಡಿದಿರಬಹುದು, ಆ ಊರಿನ ಧೂಳಿನ ಮೈದಾನಗಳಲ್ಲಿ ಅವನ್ನು ಆಡದ ಹುಡುಗನಿರಲಿಲ್ಲ. ಇಂಗ್ಲಿಷಿನ ವಿಷಯದಲ್ಲಿಯೂ ಒಂದು ಮಾತನ್ನು ಸೇರಿಸಬೇಕು. ಟೈಮ್‌ಕೀಪರನ ಕೂಗಿನಿಂದ ಹಿಡಿದು ಬಂಗಲೆಯ ಅಡುಗೆಯವನ ಮಾತಿನವರೆಗೆ ಇಂಗ್ಲಿಷು ಗಣಿಯ ಗಾಳಿಯಲ್ಲಿ ತೇಲುತ್ತಿದ್ದುದರಿಂದ, ಒಳನಾಡಿನ ಹಳ್ಳಿಯಿಂದ ಬಂದ ರೈತನ ಮಗನಿಗಿಂತ ಗಣಿಯ ಹುಡುಗನ ನಾಲಗೆ ಅದರಲ್ಲಿ ಹೆಚ್ಚು ಸಲೀಸಾಗಿ ಹೊರಳುತ್ತಿತ್ತು. ಅನುಕೂಲವೆಂದು ಹೇಳಬಹುದಾದ ಒಂದೇ ಒಂದು ಸಂಗತಿಯನ್ನು ಆ ಊರು ತನ್ನ ಮಕ್ಕಳಿಗೆ ಕೊಟ್ಟಿದ್ದರೆ ಅದು ಇದು.

ಚಿತ್ರಲೇಖಾ ಎಂಬ ವಿದ್ಯಾರ್ಥಿನಿ ಮೊದಲಾದವರು ಈ ಸಂದರ್ಶನದ ಪದ್ಧತಿಯನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದರು. ಆಯ್ಕೆಯಲ್ಲಿ ಅಧಿಕಾರದ ದುರುಪಯೋಗವಾಗಿದೆಯೆಂದು ಕಂಡ ಮೈಸೂರು ಹೈಕೋರ್ಟು ಆ ವರ್ಷದ ಸಂದರ್ಶನಗಳನ್ನು ರದ್ದುಗೊಳಿಸಿತು. ಪದ್ಧತಿಯ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಗಿ, 1964ರ ಜನವರಿ 29ರಂದು ಬಹುಮತದ ತೀರ್ಪು ಸಂದರ್ಶನವನ್ನು ಎತ್ತಿಹಿಡಿಯಿತು. ದುರುಪಯೋಗ ಸಾಧ್ಯವೆಂಬುದರಿಂದಲೇ ಪದ್ಧತಿ ಅಕ್ರಮವಾಗದೆಂಬ ಆ ತರ್ಕ ಕಾನೂನಿನಲ್ಲಿ ನಿಲ್ಲುವಂಥದು; ಆದರೆ ವ್ಯಕ್ತಿತ್ವವೆಂಬ ಗುಣವನ್ನು ಕೆಲವು ನಿಮಿಷಗಳಲ್ಲಿ ಅಳೆಯುವವರು ತಮ್ಮ ಮನೆಯ ಮಕ್ಕಳಲ್ಲಿ ಕಂಡ ನಡೆನುಡಿಯನ್ನೇ ಅಳತೆಯಾಗಿ ಹಿಡಿಯುವುದು ಮನುಷ್ಯಸ್ವಭಾವವೆಂದು ನಾನು ದೃಢವಾಗಿ ನಂಬುತ್ತೇನೆ. ಇದು ನಮ್ಮ ನಾಡಿನ ದೋಷ ಮಾತ್ರವೂ ಅಲ್ಲ. 1920ರ ದಶಕದಲ್ಲಿ ಅಮೆರಿಕೆಯ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ, ಪರೀಕ್ಷೆಗಳಲ್ಲಿ ಚೆನ್ನಾಗಿ ತೇರ್ಗಡೆಯಾಗಿ ಬರುತ್ತಿದ್ದ ಯಹೂದಿ ವಲಸಿಗರ ಮಕ್ಕಳ ಸಂಖ್ಯೆ ಹೆಚ್ಚಿದುದನ್ನು ಅಧ್ಯಕ್ಷ ಲೋವೆಲ್ ಸಹಿಸದೆ, ಶೀಲ ಮತ್ತು ವ್ಯಕ್ತಿತ್ವಗಳನ್ನು ಪರಿಶೀಲಿಸುವ ಪದ್ಧತಿಯನ್ನು ಬಲಪಡಿಸಿ ಅವರನ್ನು ಹಿಂದಕ್ಕೆ ಸರಿಸಿದನು. ಅಂಕವೆಂಬುದು ಕುರುಡು, ತಂದೆ ಯಾರು, ಅಂಗಿ ಎಂಥದು ಎಂಬುದನ್ನು ನೋಡಲಾರದು. ಬೆಂಬಲವಿಲ್ಲದವನಿಗೆ ಆ ಕುರುಡುತನವೇ ಎಷ್ಟೋ ವೇಳೆ ಏಕಮಾತ್ರ ದಯೆಯಾಗಿ ಪರಿಣಮಿಸಿದೆ.

ಮೀಸಲಾತಿಯ ಆಸರೆಯೂ ಗಣಿಯ ಎಲ್ಲ ಲೈನುಗಳಿಗೆ ಸಮನಾಗಿ ಮುಟ್ಟಲಿಲ್ಲ. 1950ರ ರಾಷ್ಟ್ರಪತಿಗಳ ಆಜ್ಞೆಯಂತೆ ಪರಿಶಿಷ್ಟ ಜಾತಿಯವರೆನಿಸಿಕೊಳ್ಳಬೇಕಾದರೆ ಹಿಂದೂಗಳಾಗಿರಬೇಕಾಗಿತ್ತು. ಸಿಖ್ಖರಿಗೆ ಅನಂತರ ಆ ಹಕ್ಕು ವಿಸ್ತರಿಸಿತು, ಬೌದ್ಧರಿಗೆ 1990ರಲ್ಲಿ. ಆದುದರಿಂದ ಅರ್ಧ ಶತಮಾನಕ್ಕೂ ಹಿಂದೆ ಅವಮಾನವನ್ನು ಕೊಡವಿಕೊಳ್ಳಲೆಂದು ಬುದ್ಧನಿಗೆ ಶರಣು ಹೋದ ಗಣಿಯ ಮನೆತನದವರು, ತಮ್ಮ ಮಕ್ಕಳ ಅರ್ಜಿಯಲ್ಲಿ ಧರ್ಮವೆಂಬ ಪಂಕ್ತಿಗೆ ಬಂದಾಗ, ಅಜ್ಜನ ಆತ್ಮಗೌರವವನ್ನು ಬರೆಯುವುದೋ ಮೊಮ್ಮಗನ ಸ್ಥಳವನ್ನು ಉಳಿಸುವುದೋ ಎಂದು ಲೇಖನಿಯನ್ನು ಹಿಡಿದು ಯೋಚಿಸಬೇಕಾಯಿತು. ಅದೇ ಲೈನಿನ ಕ್ರೈಸ್ತರ ಮಕ್ಕಳಿಗೆ ಆ ಬಾಗಿಲು ಇಂದಿಗೂ ತೆರೆದಿಲ್ಲ. ಒಂದೇ ಕೇಜಿನಲ್ಲಿ ಇಳಿದು ಒಂದೇ ಧೂಳನ್ನು ಕುಡಿದ ಮೂವರು ತಂದೆಯರ ಮಕ್ಕಳನ್ನು ಹೀಗೆ ಮೂರು ಸಾಲುಗಳಲ್ಲಿ ನಿಲ್ಲಿಸಿದುದನ್ನು ನಾನು ಅನ್ಯಾಯವೆಂದೇ ಕರೆಯುತ್ತೇನೆ.

ಸಂದರ್ಶನದ ವಿವಾದ ನಡೆದ ಕಾಲದಲ್ಲಿಯೇ ಗಣಿಯ ಆಳದೊಳಗೆ ಜಗತ್ತಿನ ಭೌತವಿಜ್ಞಾನ ಇಳಿಯುತ್ತಿತ್ತು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಿ.ವಿ. ಶ್ರೀಕಂಠನ್, ಎಂ.ಜಿ.ಕೆ. ಮೆನನ್ ಮೊದಲಾದವರು ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಾಮಿನ ವಿಜ್ಞಾನಿಗಳೊಡನೆ ಸೇರಿ, ನೆಲದಿಂದ ಎರಡು ಕಿಲೋಮೀಟರಿಗೂ ಕೆಳಗೆ ಉಪಕರಣಗಳನ್ನಿಟ್ಟು, 1965ರಲ್ಲಿ ವಾಯುಮಂಡಲದ ನ್ಯೂಟ್ರಿನೊಗಳ ಸುಳಿವನ್ನು ಹಿಡಿದ ಜಗತ್ತಿನ ಮೊದಲಿಗರ ಸಾಲಿಗೆ ಸೇರಿದರು. ಆ ಉಪಕರಣಗಳನ್ನು ಹೊತ್ತು ಇಳಿಸಿದ ಕೈಗಳು ಲೈನಿನ ಜನರವು. ತಂದೆ ಸಂಜೆ ಮನೆಗೆ ಬಂದು, ಕೆಳಗೆ ಆಕಾಶದ ಕಣಗಳನ್ನು ಹುಡುಕುತ್ತಿದ್ದಾರೆಂದು ಹೇಳಿದಾಗ, ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ ಓದುತ್ತಿದ್ದ ಮಗ ಏನೆಂದುಕೊಂಡಿರಬಹುದು!

ಕಾಲೇಜಿನ ನೇರದಾರಿ ಇಕ್ಕಟ್ಟಾಗಿದ್ದವರಿಗೆ ಪಕ್ಕದ ದಾರಿಗಳೂ ಹುಟ್ಟಿಕೊಂಡುವು. ಸ್ಕೂಲ್ ಆಫ್ ಮೈನ್ಸ್‌ನ ಡಿಪ್ಲೊಮಾ ಕೆಲವರಿಗೆ ಆಸರೆಯಾಯಿತು. 1964ರಲ್ಲಿ ಸ್ಥಾಪಿತವಾದ ಭಾರತ್ ಅರ್ಥ್ ಮೂವರ್ಸ್‌ನ ಕಾರ್ಖಾನೆ ಗಣಿಯ ಪಕ್ಕದಲ್ಲಿಯೇ ತಲೆಯೆತ್ತಿದ ಮೇಲೆ, ಹಗಲು ಲೇತಿನ ಮುಂದೆ ಅಪ್ರೆಂಟಿಸಾಗಿದ್ದು ಸಂಜೆ ಓದಿ ಪದವಿ ಪಡೆದವರ ಪೀಳಿಗೆಯೊಂದು ಬೆಳೆಯಿತು. ಗಣಿಯ ಊರಿನ ಪೇಟೆಯಾದ ರಾಬರ್ಟ್‌ಸನ್‌ಪೇಟೆಯ ಸುತ್ತಿನಲ್ಲಿ ಪದವಿ ಕಾಲೇಜುಗಳು ನೆಲೆಗೊಂಡುವು. ಉರಿಗಾಂನಲ್ಲಿ ಎಂಜಿನಿಯರಿಂಗ್ ಕಾಲೇಜೂ ಬಂದಿತು.

ಅಷ್ಟರಲ್ಲಿ ಹಣದ ಬಾಗಿಲು ದೊಡ್ಡದಾಗಿ ತೆರೆದಿತ್ತು. ಖಾಸಗಿ ಕಾಲೇಜುಗಳ ಕ್ಯಾಪಿಟೇಷನ್ ಶುಲ್ಕ ಕರ್ನಾಟಕದ ಹೆಸರನ್ನು ದೇಶದಲ್ಲೆಲ್ಲ ಕೆಡಿಸಿತು. 1984ರಲ್ಲಿ ಅದನ್ನು ನಿಷೇಧಿಸುವ ಕಾಯಿದೆ ಬಂದರೂ, ತುಮಕೂರಿನ ವೈದ್ಯಕೀಯ ಕಾಲೇಜೊಂದರಲ್ಲಿ ಸರ್ಕಾರಿ ಸ್ಥಳಕ್ಕೆ ವರ್ಷಕ್ಕೆ 2,000 ರೂಪಾಯಿ, ಹೊರರಾಜ್ಯದವರಿಗೆ 60,000 ಎಂಬ ದರವನ್ನು ಮೋಹಿನಿ ಜೈನ್ ಎಂಬಾಕೆ ಪ್ರಶ್ನಿಸಿದ ಮೊಕದ್ದಮೆಯ ತೀರ್ಪು ಬಂದುದು 1992ರಲ್ಲಿ. ಮರುವರ್ಷದ ಉನ್ನಿಕೃಷ್ಣನ್ ತೀರ್ಪಿನ ಮೇಲೆ ಉಚಿತ ಸ್ಥಳ, ಶುಲ್ಕದ ಸ್ಥಳವೆಂಬ ವಿಂಗಡಣೆಯಾಗಿ, 1994ರಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆಯ ಸಿ.ಇ.ಟಿ. ಘಟಕ ಹುಟ್ಟಿತು. ಒಂದೇ ಪರೀಕ್ಷೆ, ಒಂದೇ ಪಟ್ಟಿ, ಎಲ್ಲರೆದುರಿಗೆ ಸ್ಥಳಗಳ ಹಂಚಿಕೆ: ಶಿಫಾರಸಿನ ಚೀಟಿಗೆ ಅಲ್ಲಿ ಜಾಗವಿರಲಿಲ್ಲ. ಗಣಿಯ ಮಕ್ಕಳ ಪಾಲಿಗೆ ಇದು ಕುರುಡು ಅಂಕದ ದಯೆ ಮತ್ತೆ ಬಂದಂತಾಯಿತೆಂದು ಧಾರಾಳವಾಗಿ ಹೇಳಬಹುದು. ಆದರೂ ಅಲ್ಲಿನ ವಿಶೇಷ ವರ್ಗಗಳ ಪಟ್ಟಿಯನ್ನು ಕೈಗೆತ್ತಿಕೊಂಡರೆ ಅವರು ಪ್ರತಿಯೊಂದರ ಸಂದಿನಲ್ಲಿಯೂ ಜಾರಿಬೀಳುತ್ತಿದ್ದರು. ಗ್ರಾಮೀಣ ವಿದ್ಯಾರ್ಥಿಗಳಿಗೆಂದು ಇಟ್ಟ ಸ್ಥಳಗಳು ಅವರಿಗೆ ಸಲ್ಲವು, ಏಕೆಂದರೆ ಅವರ ಲೈನು ನಗರದ ಎಲ್ಲೆಯೊಳಗಿತ್ತು. ಕನ್ನಡ ಮಾಧ್ಯಮದವರಿಗೆಂದು ಇಟ್ಟ ಸ್ಥಳಗಳೂ ಸಲ್ಲವು, ಏಕೆಂದರೆ ತಮಿಳಿನಲ್ಲಿ ಅಥವಾ ಇಂಗ್ಲಿಷಿನಲ್ಲಿ ಅವರ ಶಾಲೆ ನಡೆದಿತ್ತು. ಗಡಿಯಾಚೆಯ ಕೃಷ್ಣಗಿರಿಯಲ್ಲಿಯೋ ವೇಲೂರಿನಲ್ಲಿಯೋ ಅಜ್ಜಿಯ ಮನೆಯಲ್ಲಿದ್ದು ಕೆಲವು ವರ್ಷ ಓದಿದ್ದರಂತೂ, ರಾಜ್ಯದಲ್ಲಿ ಏಳು ವರ್ಷ ಓದಿರಬೇಕೆಂಬ ನಿಯಮವೇ ಅಡ್ಡಬರುತ್ತಿತ್ತು. ನೂರು ವರ್ಷ ಮೈಸೂರಿನ ಚಿನ್ನವನ್ನು ತೆಗೆದವರ ಮೊಮ್ಮಕ್ಕಳು ಮೈಸೂರಿನವರೆಂಬುದಕ್ಕೆ ಶಾಲೆಯ ದೃಢೀಕರಣಪತ್ರವನ್ನು ತರಬೇಕಾಗಿತ್ತು.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. 1880ರಿಂದೀಚೆಗೆ 800 ಟನ್ನುಗಳಿಗೂ ಮಿಕ್ಕ ಚಿನ್ನವನ್ನು ಕೊಟ್ಟು, 3,000 ಮೀಟರುಗಳಿಗೂ ಹೆಚ್ಚು ಆಳಕ್ಕೆ ಹೋದ ಆ ಗಣಿಯ ಕೊನೆಯ ನೌಕರರಿಗೆ ಸ್ವಯಂನಿವೃತ್ತಿಯ ಹಣವೆಂದು ಬಂದುದರಲ್ಲಿ ಒಂದು ಪಾಲು ಮಕ್ಕಳ ಕಾಲೇಜಿನ ಶುಲ್ಕಕ್ಕೆ ಹೋಯಿತೆಂದು ಅಲ್ಲಿಯ ಹಿರಿಯರು ಹೇಳುತ್ತಾರೆ. ಇಂದು ಬೆಳಗಿನ ಜಾವ ಮಾರಿಕುಪ್ಪಂನಿಂದ ಹೊರಡುವ ಗಾಡಿಗಳಲ್ಲಿ ಸಾವಿರಾರು ಜನ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಅವರ ನಡುವೆ ತಿಂಗಳ ಪಾಸು ಹಿಡಿದ ವಿದ್ಯಾರ್ಥಿಗಳು ನಿಂತುಕೊಂಡೇ ಓದುವುದನ್ನು ಯಾರಾದರೂ ನೋಡಬಹುದು. ದಿನಕ್ಕೆ ಐದಾರು ಗಂಟೆ ರೈಲಿನಲ್ಲಿ ಕಳೆಯುವ ಈ ಮಕ್ಕಳಿಗೆ ಬೆಂಗಳೂರಿನಲ್ಲಿ ಒಂದು ವಿದ್ಯಾರ್ಥಿನಿಲಯವನ್ನು ಕಟ್ಟಿಕೊಡುವ ಹೊಣೆ, ಆ ಚಿನ್ನದಿಂದ ಬೆಳೆದ ರಾಜ್ಯದ ಮೇಲೆ ಇನ್ನೂ ಉಳಿದಿದೆ.

ಇನ್ನೊಂದು ಕೆಲಸ ಚರಿತ್ರಕಾರರದು. ಗಣಿಯ ಹಳೆಯ ಶಾಲೆಗಳಲ್ಲಿ ಪ್ರವೇಶದ ದಪ್ಪ ರಿಜಿಸ್ಟರುಗಳಿರುತ್ತವೆ. ಮಗುವಿನ ಹೆಸರು, ಹುಟ್ಟಿದ ತಾರೀಖು, ತಂದೆಯ ಉದ್ಯೋಗ, ಶಾಲೆ ಬಿಟ್ಟ ದಿನ, ಬಿಟ್ಟ ಕಾರಣ ಎಂಬ ಕಲಮುಗಳು ಅವುಗಳಲ್ಲಿ ಇದ್ದೇ ಇರುವುವು. ತಂದೆಯ ಉದ್ಯೋಗದಿಂದ ಮಗನು ಬಿಟ್ಟ ಕಾರಣದವರೆಗೆ ಒಂದೊಂದು ಸಾಲನ್ನೂ ಓದಿದರೆ, ಎಷ್ಟು ಮಕ್ಕಳು ಶಾಲೆಯಿಂದ ನೇರವಾಗಿ ಶಾಫ್ಟಿಗೆ ಇಳಿದರು, ಎಷ್ಟು ಮಂದಿ ಮುಂದಿನ ತರಗತಿಗೆ ಏರಿದರು, ಹೆಣ್ಣುಮಕ್ಕಳ ಹೆಸರುಗಳು ಯಾವ ವರ್ಷದಿಂದ ಮೇಲಿನ ತರಗತಿಗಳಲ್ಲಿ ಕಾಣಿಸತೊಡಗಿದುವು ಎಂಬುದು ಸ್ಪಷ್ಟವಾಗುವುದು. ಬಾಗಿಲು ಹಾಕಿದ ಶಾಲೆಗಳ ಕಾಗದಗಳು ರದ್ದಿಯ ಅಂಗಡಿಗೆ ಹೋಗುವ ಕಾಲ ಇದು. ಜಿಲ್ಲೆಯ ವಿದ್ಯಾಶಾಖೆಯೂ ಕೋಲಾರದ ಕಾಲೇಜುಗಳ ಇತಿಹಾಸದ ಅಧ್ಯಾಪಕರೂ ಒಂದೆರಡು ವರ್ಷಗಳೊಳಗಾಗಿ ಅವನ್ನು ಒಂದು ಕಡೆ ಸೇರಿಸಿ, ಪ್ರತಿಮಾಡಿ, ಓದಲು ಬಯಸುವವರಿಗೆ ದೊರೆಯುವಂತೆ ಇಡಬೇಕು.